ಹಳೆಯ ರಿವಾಲ್ವರಿಗೆ ಪ್ರಾಯವೊಂದೇ ರಕ್ಷೆಯಲ್ಲ

ಹಳೆಯ ಮನೆಯ ಅಟ್ಟದಲ್ಲಿಯೋ, ಪಟೇಲಿಕೆಯನ್ನೋ ಅಮಲ್ದಾರಿಕೆಯನ್ನೋ ಮಾಡಿದ್ದ ಹಿರಿಯರ ಸಂದೂಕದ ತಳದಲ್ಲಿಯೋ ತುಕ್ಕುಹಿಡಿದ ರಿವಾಲ್ವರೊಂದು ದೊರೆತಾಗ, ‘ನೂರು ವರ್ಷದ ಈ ಕಬ್ಬಿಣಕ್ಕೆ ಲೈಸೆನ್ಸೇಕೆ?’ ಎಂಬ ಮಾತು ಮನೆಯವರ ಬಾಯಿಂದ ತಾನಾಗಿಯೇ ಹೊರಡುತ್ತದೆ. ಪ್ರಾಚೀನ ವಸ್ತುಗಳ ಸಂಗ್ರಹದಲ್ಲಿ ಅಭಿರುಚಿಯುಳ್ಳ ವಿದ್ಯಾವಂತರೂ ಹೀಗೆಯೇ ನಂಬಿರುವುದುಂಟು. ಆದರೆ 1959ರ ಆಯುಧ ಅಧಿನಿಯಮವು ವಿಚಾರಿಸುವುದು ಆಯುಧದ ವಯಸ್ಸನ್ನಲ್ಲ, ಅದರ ಸಾಮರ್ಥ್ಯವನ್ನು. ಬಳಕೆ ತಪ್ಪಿದ ಮಾದರಿಯದಾಗಲಿ, ಪುರಾತನ ಮೌಲ್ಯವುಳ್ಳದ್ದಾಗಲಿ, ಕೆಟ್ಟುಹೋದುದಾಗಲಿ, ರಿಪೇರಿ ಮಾಡಿದರೂ ಮಾಡದಿದ್ದರೂ ಬಂದೂಕಾಗಿ ಉಪಯೋಗಕ್ಕೆ ಬಾರದ ಆಯುಧವನ್ನು ಅದರ 45ನೆಯ ಪ್ರಕರಣವು ಅಧಿನಿಯಮದ ವ್ಯಾಪ್ತಿಯಿಂದ ಹೊರಗಿರಿಸಿದೆ. ಕೊನೆಯ ಷರತ್ತು ಈ ಮೂರು ಬಗೆಗಳಿಗೂ ಅನ್ವಯಿಸುವುದೆಂದು ಓದಿಕೊಳ್ಳುವುದೇ ಕ್ಷೇಮಕರ. ನುರಿತ ಕೈಯೊಂದು ಎರಡು ಗಂಟೆ ದುಡಿದರೆ ಗುಂಡು ಹಾರಿಸಬಲ್ಲ ರಿವಾಲ್ವರು ಮುತ್ತಾತನ ಕಾಲದ್ದೇ ಆದರೂ ಆ ವಿನಾಯಿತಿಯೊಳಕ್ಕೆ ಬರಲಾರದು.

2016ರ ಆಯುಧ ನಿಯಮಗಳಿಗೆ 2020ರಲ್ಲಿ ತಂದ ತಿದ್ದುಪಡಿಯು ಸಂಗ್ರಾಹಕರಿಗೆ ಒಂದು ಬಾಗಿಲನ್ನು ತೆರೆಯಿತು. ‘ಕ್ಯೂರಿಯೋ’ ವರ್ಗಕ್ಕೆ ಸೇರಿದ ಸಣ್ಣ ಆಯುಧಗಳನ್ನು ಭಾರತೀಯ ಪ್ರಜೆಯು ಪಡೆಯುವುದಕ್ಕೂ ಇಟ್ಟುಕೊಳ್ಳುವುದಕ್ಕೂ ಲೈಸೆನ್ಸು ಬೇಕಿಲ್ಲ. ಆದರೆ ಬಳಸುವುದಕ್ಕೆ, ಧರಿಸಿ ತಿರುಗುವುದಕ್ಕೆ, ಒಂದೆಡೆಯಿಂದ ಮತ್ತೊಂದೆಡೆಗೆ ಸಾಗಿಸುವುದಕ್ಕೆ ಬೇಕೇ ಬೇಕು. ತನ್ನ ಕೈಯಲ್ಲಿರುವುದು ಆ ವರ್ಗಕ್ಕೆ ಸೇರಿತೆಂದು ಒಡೆಯನು ತನಗೆ ತಾನೇ ತೀರ್ಪು ಕೊಟ್ಟುಕೊಳ್ಳದೆ, ಜಿಲ್ಲೆಯಲ್ಲಿ ಜಿಲ್ಲಾ ದಂಡಾಧಿಕಾರಿಗಳಾದ ಜಿಲ್ಲಾಧಿಕಾರಿಗಳಿಂದ, ಬೆಂಗಳೂರು ನಗರದಲ್ಲಾದರೆ ಪೊಲೀಸ್ ಕಮಿಷನರರಿಂದ, ಲಿಖಿತರೂಪದ ಉತ್ತರವನ್ನು ಪಡೆದಿಟ್ಟುಕೊಳ್ಳಬೇಕು.

ಇಂಥ ಅರ್ಜಿಗೆ ಬಲ ಬರುವುದು ವಯೋನಿರ್ಣಯದಿಂದ. ಅದಕ್ಕೆ ಮೊದಲ ಸುಳಿವು ಸಿಡಿತದ ವಿಧಾನ. ತಿರುಗುವ ಉರುಳೆಯ ಹಿಂಬದಿಯಲ್ಲಿ, ನಮ್ಮ ಮಲೆನಾಡಿನ ಕೇಪಿನ ಕೋವಿಗಿರುವಂತೆ, ಕೇಪು ಕೂರಿಸುವ ಮೊಲೆಗಳಿದ್ದರೆ ಅದು 1836ರಲ್ಲಿ ಸ್ಯಾಮ್ಯುಯೆಲ್ ಕೋಲ್ಟನು ಅಮೆರಿಕದಲ್ಲಿ ಪೇಟೆಂಟು ಪಡೆದಂದಿನಿಂದ ಮೊದಲಾದ ಪರಂಪರೆಗೆ ಸೇರಿದ್ದು. 1851ರ ರಾಬರ್ಟ್ ಆಡಮ್ಸನ ಇಂಗ್ಲಿಷ್ ಮಾದರಿಯೂ ಈ ಬಗೆಯದೇ. ತೋಟೆಯ ಪಕ್ಕದಿಂದ ಸಣ್ಣ ಮೊಳೆಯೊಂದು ಹೊರಚಾಚುವ ಲಫೋಷೋ ಪದ್ಧತಿಯ ರಿವಾಲ್ವರುಗಳು 1850ರ ದಶಕದಲ್ಲಿ ಬಂದವು. ಹಿಂದಿನಿಂದ ಮುಂದಕ್ಕೆ ಪೂರ್ತಿ ಕೊರೆದ ಉರುಳೆಯ ಪೇಟೆಂಟು ಅಮೆರಿಕದಲ್ಲಿ 1869ರವರೆಗೆ ಸ್ಮಿತ್ ಅಂಡ್ ವೆಸನ್ನರ ಹಿಡಿತದಲ್ಲಿದ್ದುದರಿಂದ, ಅಲ್ಲಿಯ ಇತರ ಕಂಪನಿಗಳ ತೋಟೆಯ ರಿವಾಲ್ವರುಗಳು ಬಹುಮಟ್ಟಿಗೆ ಅದರ ಈಚಿನವು. ಬ್ರಿಟಿಷ್ ಸೇನೆಯು ವೆಬ್ಲಿಯನ್ನು ಸ್ವೀಕರಿಸಿದ್ದು 1887ರಲ್ಲಿ. ಅದರ ಆರನೆಯ ಮಾದರಿ ಹೊರಬಿದ್ದದ್ದು ಮೊದಲನೆಯ ಮಹಾಯುದ್ಧದ ನಡುವೆ, 1915ರಲ್ಲಿ.

ಎರಡನೆಯ ಸುಳಿವು ಲೋಹದ ಮೇಲಣ ಮುದ್ರೆಗಳು. ಬೆಲ್ಜಿಯಮ್ಮಿನ ಲಿಯೇಜ್ ಪರೀಕ್ಷಾಗೃಹದ ಅಂಡಾಕೃತಿಯ ‘ಇಎಲ್‌ಜಿ’ ಮುದ್ರೆಯ ಮೇಲೆ ಕಿರೀಟವು ಕಾಣಿಸಿಕೊಂಡದ್ದು 1893ರಿಂದ. ಕಿರೀಟವಿದ್ದರೆ ಆ ವರ್ಷಕ್ಕಿಂತ ಹಿಂದಕ್ಕೆ ಹೋಗಬೇಕಾದುದಿಲ್ಲ. ನಳಿಗೆಯ ಮೇಲೆ ಕೊರೆದ ಪೇಟೆಂಟಿನ ದಿನಾಂಕವನ್ನು ತಯಾರಿಕೆಯ ದಿನಾಂಕವೆಂದು ಬಗೆಯುವುದು ಹೊಸಬರು ಎಡವುವ ಕಲ್ಲು. ಆಯುಧವು ಕೊನೆಯ ಪೇಟೆಂಟಿಗಿಂತ ಈಚಿನದೆಂಬುದಷ್ಟೇ ಅದರಿಂದ ಸಿದ್ಧವಾಗುವುದು. ಕಲ್ಕತ್ತೆಯ ಮ್ಯಾಂಟನ್, ರೋಡಾ ಮುಂತಾದ ವ್ಯಾಪಾರಿಗಳ ಹೆಸರಿದ್ದರೆ ಅದು ಅನೇಕ ವೇಳೆ ಮಾರಿದವರದೇ ಹೊರತು ಮಾಡಿದವರದಲ್ಲ. ವಿಕ್ಟೋರಿಯಾ ರಾಣಿಯ ‘ವಿಆರ್’ ಲಾಂಛನದ ಕೆಳಗೆ, ಆಕೆ ತೀರಿಕೊಂಡ 1901ರ ಅನಂತರದ ತಯಾರಿಕೆಯ ಇಸವಿಯನ್ನು ಕೆತ್ತಿದ್ದರೆ, ಅಥವಾ ಇಂಗ್ಲಿಷ್ ಅಕ್ಷರವೊಂದು ತಿರುವುಮುರುವಾಗಿದ್ದರೆ, ವಾಯವ್ಯ ಗಡಿಯ ಕಮ್ಮಟಗಳ ನಕಲನ್ನು ಸಂದೇಹಿಸಬಹುದು. ಕ್ರಮಸಂಖ್ಯೆಯಂತೂ ತಯಾರಕರ ದಾಖಲೆಗಳೊಡನೆ ಹೋಲಿಸಿ ನೋಡಿದಲ್ಲಿ ಎಷ್ಟೋ ವೇಳೆ ವರ್ಷವನ್ನೇ ಹೇಳಬಲ್ಲುದು. ಇಷ್ಟನ್ನು ಓದಲು ತುಕ್ಕನ್ನು ಅರದಿಂದ ಉಜ್ಜಿ ಅಂಕಿಗಳನ್ನು ಅಳಿಸಿಬಿಡುವವರನ್ನು ಕಂಡರೆ ಮರುಕವಾಗುತ್ತದೆ. ಇತಿಹಾಸಕ್ಕಾಗುವ ಹಾನಿ ಹಾಗಿರಲಿ, ಬಂದೂಕಿನ ಗುರುತಿನ ಮುದ್ರೆಯನ್ನು ಅಳಿಸುವುದನ್ನೂ ತಿದ್ದುವುದನ್ನೂ 8ನೆಯ ಪ್ರಕರಣವೇ ನಿಷೇಧಿಸಿದೆ. ರಿಪೇರಿಯ ವೃತ್ತಿಗೂ 5ನೆಯ ಪ್ರಕರಣದ ಪ್ರಕಾರ ಲೈಸೆನ್ಸು ಬೇಕಾಗಿರುವುದರಿಂದ ಊರ ಕಮ್ಮಾರನ ಕುಲುಮೆಗೆ ಇದನ್ನು ಒಯ್ಯಕೂಡದು. ತಜ್ಞರ ಬಳಿಗೂ ಆಯುಧವನ್ನಲ್ಲ, ಅದರ ಛಾಯಾಚಿತ್ರಗಳನ್ನು ಕಳುಹಿಸತಕ್ಕದ್ದು.

ಇನ್ನು ಕಾಗದಪತ್ರವೊಂದೂ ಇಲ್ಲದೆ ರಿವಾಲ್ವರು ಕೈಗೆ ಬಂದವರ ಮಾತು. ಭಯದಿಂದ ಅದನ್ನು ಬಾವಿಗೆ ಎಸೆಯುವುದೂ ತಪ್ಪು, ‘ನೋಡೋಣ’ ಎಂದು ಮರಳಿ ಸಂದೂಕದಲ್ಲಿ ಮುಚ್ಚಿಡುವುದೂ ತಪ್ಪು. ಎಲ್ಲಿ, ಎಂದು, ಯಾರ ಸಮಕ್ಷಮ ದೊರೆಯಿತೆಂಬುದನ್ನು ಬರೆದು ಸಮೀಪದ ಠಾಣೆಗೆ ಕೂಡಲೇ ತಿಳಿಸಿ, ಅಧಿಕಾರಿಯ ಸೂಚನೆಯಂತೆ ಠೇವಣಿಯಿಟ್ಟು, ಕ್ರಮಸಂಖ್ಯೆಯನ್ನು ನಮೂದಿಸಿದ ರಸೀದಿಯನ್ನು ಕೇಳಿ ಪಡೆಯಬೇಕು. ಲೈಸೆನ್ಸುದಾರರು ತೀರಿಕೊಂಡು ಆಯುಧವು ಮನೆಯಲ್ಲುಳಿದಿದ್ದರೆ ದಾರಿಯನ್ನು 21ನೆಯ ಪ್ರಕರಣವೇ ತೋರಿಸಿದೆ: ವಿಳಂಬವಿಲ್ಲದೆ ಠಾಣೆಯಲ್ಲಿಯೋ, ಲೈಸೆನ್ಸುಳ್ಳ ವ್ಯಾಪಾರಿಯಲ್ಲಿಯೋ ಇರಿಸಿ, ವಾರಸುದಾರನು ತನ್ನ ಹೆಸರಿಗೆ ಲೈಸೆನ್ಸು ಪಡೆದು ಬಿಡಿಸಿಕೊಳ್ಳಬಹುದು, ಇಲ್ಲವೆ ಅರ್ಹನಾದವನಿಗೆ ಮಾರಬಹುದು, ಗೊತ್ತುಪಡಿಸಿದ ಅವಧಿ ಮೀರಿದರೆ ಸರ್ಕಾರಕ್ಕೆ ಮುಟ್ಟುಗೋಲಾಗುವ ಸಂಭವವುಂಟು. 2019ರ ತಿದ್ದುಪಡಿಯ ಅನಂತರ ಒಬ್ಬ ಲೈಸೆನ್ಸುದಾರನಿಗೆ ಸಾಮಾನ್ಯವಾಗಿ ಎರಡೇ ಬಂದೂಕುಗಳ ಮಿತಿ. ಪಿತ್ರಾರ್ಜಿತವೆಂಬ ಕಾರಣದಿಂದ ಅದು ಹಿಗ್ಗದು. .38 ಮತ್ತು .455 ಅಳತೆಯ ರಿವಾಲ್ವರುಗಳು ನಿಷೇಧಿತ ಬೋರಿಗೆ ಸೇರುವುದರಿಂದ, ಸೇನೆಯ ವೆಬ್ಲಿಯನ್ನು ಪಡೆದವರು ಇನ್ನೂ ಹೆಚ್ಚು ಜಾಗರೂಕರಾಗಿರಬೇಕು. ಸಾಧಾರಣ ಬಂದೂಕನ್ನು ಲೈಸೆನ್ಸಿಲ್ಲದೆ ಇಟ್ಟುಕೊಂಡರೂ ಎರಡರಿಂದ ಐದು ವರ್ಷಗಳ ಸೆರೆವಾಸ ಮತ್ತು ದಂಡ. ಆದರೆ 3ನೆಯ ಪ್ರಕರಣದ ಉಲ್ಲಂಘನೆಗೆ ಮೊಕದ್ದಮೆ ಹೂಡುವ ಮುನ್ನ ಜಿಲ್ಲಾ ದಂಡಾಧಿಕಾರಿಗಳ ಪೂರ್ವಾನುಮತಿ ಇರಲೇಬೇಕೆಂಬ 39ನೆಯ ಪ್ರಕರಣದ ರಕ್ಷಣೆಯನ್ನು ಪ್ರಜೆಯು ಮರೆಯಬಾರದು. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ 2029ರ ಅಕ್ಟೋಬರ್ 31ರವರೆಗೆ ಇರುವ ಲೈಸೆನ್ಸಿನ ವಿನಾಯಿತಿಯು ಅವರಿಗೆ ಮಾತ್ರ ಸಂದದ್ದು. ಅವರಿಂದ ಕೊಂಡ ಬೇರೆಯವನಿಗೆ ಅದು ಹಸ್ತಾಂತರವಾಗದು.

ನೂರು ವರ್ಷವೆಂಬ ಗಡುವು ನಿಜವಾಗಿಯೂ ಬೆಲೆ ಪಡೆಯುವುದು 1972ರ ಪುರಾವಸ್ತುಗಳ ಅಧಿನಿಯಮದಲ್ಲಿ. ಐತಿಹಾಸಿಕ ಮೌಲ್ಯವುಳ್ಳ ಶತಮಾನದ ವಸ್ತುವನ್ನು ಖಾಸಗಿ ವ್ಯಕ್ತಿಯು ದೇಶದಾಚೆಗೆ ಸಾಗಿಸುವಂತಿಲ್ಲ. ಆದುದರಿಂದ ಹೊರದೇಶದಲ್ಲಿ ನೆಲಸಿದ ಮಗನಿಗೆ ಮನೆತನದ ರಿವಾಲ್ವರನ್ನು ಕಳುಹಿಸಬಯಸುವವರು ಎರಡು ಕಾನೂನುಗಳಿಗೆ ಉತ್ತರ ಹೇಳಬೇಕಾಗುತ್ತದೆ. ಇಲ್ಲಿಯೇ ಇಟ್ಟುಕೊಳ್ಳಬಯಸಿ ಲೈಸೆನ್ಸಿಗೆ ಅರ್ಜಿಯಿಟ್ಟು ನಿರಾಕರಣೆ ಪಡೆದವರಾದರೋ, ಸಾರ್ವಜನಿಕ ಹಿತಕ್ಕೆ ಬಾಧಕವೆನಿಸಿದ ಸಂದರ್ಭವನ್ನುಳಿದು, ಅದರ ಕಾರಣಗಳನ್ನು ಲಿಖಿತವಾಗಿ ಕೇಳಿ ಪಡೆದು, 18ನೆಯ ಪ್ರಕರಣದ ಮೇರೆಗೆ ನಿಗದಿತ ಅವಧಿಯೊಳಗೆ ಮೇಲ್ಮನವಿ ಸಲ್ಲಿಸಬಹುದು. ಅಲ್ಲಿಯವರೆಗೆ ಆಯುಧವು ಠಾಣೆಯ ಠೇವಣಿಯಲ್ಲಿಯೇ ಇರಲಿ, ರಸೀದಿ ತಮ್ಮಲ್ಲಿರಲಿ.