ಹಳೆಯ ರೋಲ್ಸ್ ರಾಯ್ಸ್ ಕಾರಿನ ಬ್ರೇಕು

ಹಳೆಯ ವೈಭವದ ಕಾರನ್ನು ಕೊಂಡುಬಿಡಬಹುದು; ಸಾಕುವುದು ಮಾತ್ರ ಆನೆಯನ್ನು ಸಾಕಿದಂತೆ. 1965ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ರೋಲ್ಸ್ ರಾಯ್ಸ್ ಸಿಲ್ವರ್ ಶ್ಯಾಡೋ ಕಾರನ್ನೇ ನೋಡೋಣ. ಅದರ ಎಂಜಿನ್ನಿಗಿಂತ ಬ್ರೇಕಿನದೇ ನನಗೆ ಹೆಚ್ಚಿನ ಭಯ. ಎಂಜಿನ್ನಿನಿಂದ ನಡೆಯುವ ಎರಡು ಪಂಪುಗಳು ಬ್ರೇಕಿನ ದ್ರವವನ್ನು ಒತ್ತಿ, ಸಾರಜನಕ ತುಂಬಿದ ಗೋಳಗಳ ನೆರವಿನಿಂದ ಆ ಒತ್ತಡವನ್ನು ಕೂಡಿಡುತ್ತವೆ. ಸುಮಾರು ಎರಡು ಟನ್ನಿನ ಗಾಡಿಯನ್ನು ನಿಲ್ಲಿಸುವುದು ಈ ಬಲವೇ! ಆದರೆ ಈ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಆದುದರಿಂದ ಷೆಡ್ಡಿನಲ್ಲಿ ನಿಂತ ಕಾರು ಸುಖವಾಗಿದೆಯೆಂದು ತಿಳಿಯಬಾರದು. ಒಳಗೆ ತುಕ್ಕು ಹಿಡಿಯುತ್ತಿರುತ್ತದೆ. 1980ರಲ್ಲಿ ಬಂದ ಇದರ ತಮ್ಮ ಸಿಲ್ವರ್ ಸ್ಪಿರಿಟ್‌ಗೆ ಬೇಕಾದುದು ಖನಿಜ ತೈಲ. ಅದನ್ನು ತಿಳಿಯದೆ ಇದಕ್ಕೆ ಸುರಿದರೆ ರಬ್ಬರಿನ ಸೀಲುಗಳು ಕೆಟ್ಟು ಬ್ರೇಕು ಸೋತೀತು. ನಾನಾದರೆ, ತೊಗಲಿನ ಆಸನವನ್ನು ಸವರಿ ನೋಡುವ ಮೊದಲು, ದ್ರವವನ್ನು ಕಡೆಯ ಸಲ ಬದಲಾಯಿಸಿದ ರಸೀದಿಯನ್ನು ಕೇಳುವೆನು.