ಪದವೀಧರರು ನೆಲೆಸಬೇಕಾದರೆ: ಬಾಡಿಗೆ ಮನೆಯ ಲೆಕ್ಕಾಚಾರ

ಸದಸ್ಯ ಬಾಂಧವರೊಡನೆ ಮಾತನಾಡುವಾಗ ಪದೇ ಪದೇ ಕೇಳಿಬರುವ ಮಾತೊಂದಿದೆ: "ಕಲಿತ ಹುಡುಗರು ನಮ್ಮ ಕಡೆ ನಿಲ್ಲುವುದಿಲ್ಲ." ಪಾಲಬಾವಿ, ಹಾರೂಗೇರಿ, ಮುಗಳಖೋಡ ಭಾಗದ ಕಬ್ಬಿನ ನೆಲದಲ್ಲಿ ಸಕ್ಕರೆ, ಬೆಲ್ಲ, ಸಾಗಾಣಿಕೆ ಮತ್ತು ಸಹಕಾರಿ ಪತ್ತಿನ ವ್ಯವಹಾರ ಬೆಳೆದಿದೆ. ಅದನ್ನು ನಡೆಸಲು ಬೇಕಾದ ಲೆಕ್ಕಿಗರು, ಇಂಜಿನಿಯರರು ಮತ್ತು ಪ್ರಯೋಗಾಲಯದ ತಂತ್ರಜ್ಞರು ಮಾತ್ರ ಪುಣೆ, ಬೆಂಗಳೂರುಗಳ ದಾರಿ ಹಿಡಿಯುತ್ತಿದ್ದಾರೆ.

ಪದವೀಧರರ ಕೊರತೆ ನಮ್ಮ ಜಿಲ್ಲೆಗಿಲ್ಲ. ಕೆ.ಎಲ್.ಇ. ಸಂಸ್ಥೆ 1916ರಲ್ಲಿ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 1998ರಲ್ಲಿ, ರಾಣಿ ಚನ್ನಮ್ಮ ವಿಶ್ವವಿದ್ಯಾಲಯ 2010ರಲ್ಲಿ ಬೆಳಗಾವಿಯಲ್ಲಿ ಸ್ಥಾಪನೆಗೊಂಡವು. ಚಿಕ್ಕೋಡಿ, ನಿಪ್ಪಾಣಿಗಳಲ್ಲಿಯೂ ಇಂಜಿನಿಯರಿಂಗ್ ಕಾಲೇಜುಗಳಿವೆ. ಕೊರತೆ ಇರುವುದು ಅವರನ್ನು ಉಳಿಸಿಕೊಳ್ಳುವ ವ್ಯವಸ್ಥೆಯಲ್ಲಿ.

ಕೆಲವು ವರ್ಷಗಳ ಹಿಂದೆ ನನ್ನ ಕಚೇರಿಯಲ್ಲಿ ತರಬೇತಿ ಪಡೆದ ತರುಣನೊಬ್ಬ ಈ ಭಾಗದ ಉದ್ಯಮವೊಂದರಲ್ಲಿ ಲೆಕ್ಕಾಧಿಕಾರಿಯಾಗಿ ಸೇರಿದ್ದನು. ಸಂಬಳದ ಬಗ್ಗೆ ಅವನಿಗೆ ದೂರಿರಲಿಲ್ಲ. ಆದರೆ "ಒಂಟಿ ಹುಡುಗರಿಗೆ ಮನೆ ಕೊಡುವುದಿಲ್ಲ" ಎಂಬ ಉತ್ತರವನ್ನು ಮನೆಮನೆಯಲ್ಲೂ ಕೇಳಿ, ಏಳನೆಯ ತಿಂಗಳಿಗೆ ರಾಜೀನಾಮೆಯಿತ್ತು ಹೊರಟುಹೋದನು. ಅಂದಿನಿಂದ ನಾನು ಈ ಪ್ರಶ್ನೆಯನ್ನು ವಸತಿಯ ದೃಷ್ಟಿಯಿಂದಲೂ ನೋಡತೊಡಗಿದೆನು.

ನೌಕರನ ಲೆಕ್ಕ

ಒಂದು ಉದಾಹರಣೆ ನೋಡೋಣ, ಅಂಕಿಗಳು ಕಲ್ಪಿತ. ಬೆಂಗಳೂರಿನಲ್ಲಿ ಸಂಬಳ ರೂ. 40,000. ಬಾಡಿಗೆ ರೂ. 12,000, ಊಟ, ಪ್ರಯಾಣಾದಿ ಖರ್ಚು ರೂ. 14,000 ಕಳೆದರೆ ಉಳಿಕೆ ರೂ. 14,000. ನಮ್ಮಲ್ಲಿ ಸಂಬಳ ರೂ. 26,000, ಬಾಡಿಗೆ ರೂ. 6,000, ಇತರ ಖರ್ಚು ರೂ. 8,000, ಉಳಿಕೆ ರೂ. 12,000. ಸಂಬಳದಲ್ಲಿ ರೂ. 14,000 ಅಂತರವಿದ್ದರೂ ಉಳಿತಾಯದ ಅಂತರ ಕೇವಲ ರೂ. 2,000. ನಮ್ಮಲ್ಲಿ ಬಾಡಿಗೆ ರೂ. 8,000ಕ್ಕೆ ಏರಿದರೆ ಈ ಅಂತರ ಇಮ್ಮಡಿಯಾಗುತ್ತದೆ. ಅಗ್ಗದ ವಸತಿಯೇ ಸಣ್ಣ ಊರಿನ ಬಂಡವಾಳ ಎಂಬುದು ಇದರಿಂದ ಸ್ಪಷ್ಟ.

ಮನೆ ಮಾಲೀಕನ ಲೆಕ್ಕ

ನಿವೇಶನದ ಬೆಲೆ ಬಿಟ್ಟು ರೂ. 20 ಲಕ್ಷದಲ್ಲಿ ಮನೆ ಕಟ್ಟಿ ತಿಂಗಳಿಗೆ ರೂ. 6,000 ಬಾಡಿಗೆ ಪಡೆದರೆ ವಾರ್ಷಿಕ ಆದಾಯ ರೂ. 72,000. ಒಂದು ತಿಂಗಳು ಖಾಲಿ ಬಿದ್ದರೆ ರೂ. 6,000, ತೆರಿಗೆ ಮತ್ತು ದುರಸ್ತಿಗೆ ರೂ. 6,000 ಕಳೆಯಿರಿ. ಉಳಿಯುವ ರೂ. 60,000 ಹೂಡಿಕೆಯ ಶೇ. 3 ಮಾತ್ರ. ಇಷ್ಟು ಕಡಿಮೆ ಪ್ರತಿಫಲಕ್ಕೆ ಬಾಡಿಗೆ ಮನೆ ಕಟ್ಟುವವರು ವಿರಳ. ಅದೇ ಹಣದಲ್ಲಿ ಸ್ನಾನಗೃಹ ಸಹಿತವಾದ ಐದು ಕೊಠಡಿಗಳನ್ನು ಕಟ್ಟಿ, ತಲಾ ರೂ. 3,500ರಂತೆ ವರ್ಷದಲ್ಲಿ ಹತ್ತು ತಿಂಗಳು ಬಾಡಿಗೆ ಬಂದರೂ ರೂ. 1,75,000. ಖರ್ಚಿಗೆ ರೂ. 35,000 ಕಳೆದರೆ ರೂ. 1,40,000, ಅಂದರೆ ಶೇ. 7. ಇತ್ತ ನೌಕರನ ಉಳಿಕೆ ರೂ. 14,500ಕ್ಕೆ ಏರಿ ಬೆಂಗಳೂರಿನದನ್ನು ಮೀರುತ್ತದೆ. ಉಭಯತರಿಗೂ ಲಾಭ.

ಎಚ್ಚರಿಕೆಯ ಮಾತು

ಅಮೆರಿಕದ ಟಲ್ಸಾ ನಗರದಲ್ಲಿ ದೂರದಿಂದಲೇ ಕೆಲಸ ಮಾಡುವ ನೌಕರರು ಬಂದು ನೆಲೆಸಲೆಂದು 2018ರಿಂದ 10,000 ಡಾಲರ್ ನೆರವು ನೀಡುವ ಯೋಜನೆಯೊಂದು ನಡೆದಿದೆ. ಆದರೆ ಪದವೀಧರರು ಗುಂಪಾಗಿ ನೆಲೆಸಿದ ನಗರಗಳಲ್ಲಿ ಬಾಡಿಗೆಯೂ ಏರುತ್ತದೆಂದು ಎನ್ರಿಕೊ ಮೊರೆಟ್ಟಿ, ರೆಬೆಕ್ಕಾ ಡೈಮಂಡ್ ಮೊದಲಾದ ಅರ್ಥಶಾಸ್ತ್ರಜ್ಞರ ಅಧ್ಯಯನಗಳು ತೋರಿಸಿವೆ. ಮನೆಗಳ ಸಂಖ್ಯೆ ಹೆಚ್ಚದೆ ಜನ ಮಾತ್ರ ಹೆಚ್ಚಿದರೆ, ಏರಿದ ಬಾಡಿಗೆಯ ಹೊರೆ ಬೀಳುವುದು ಊರಿನ ದಾದಿ, ಚಾಲಕ, ಅಂಗಡಿ ಗುಮಾಸ್ತರ ಮೇಲೆ. ಆದುದರಿಂದ ಮೊದಲು ಕೊಠಡಿ, ಅನಂತರ ಆಹ್ವಾನ.

ಗಮನಿಸಬೇಕಾದ ನಿಯಮಗಳು

1. ಕೃಷಿ ಜಮೀನಾದರೆ ಭೂಪರಿವರ್ತನೆ ಮಾಡಿಸದೆ ಕಟ್ಟಡಕ್ಕೆ ಕೈಹಾಕಬಾರದು. ಗ್ರಾಮ ಪಂಚಾಯತಿ ವ್ಯಾಪ್ತಿಯಲ್ಲಿ ಇ-ಸ್ವತ್ತಿನ ನಮೂನೆಗಳು ಸರಿಯಿಲ್ಲದಿದ್ದರೆ ಬ್ಯಾಂಕಿನ ಸಾಲ ದೊರೆಯುವುದು ಕಷ್ಟ.

2. ಆದಾಯ ತೆರಿಗೆಯಲ್ಲಿ ಬಾಡಿಗೆ ವರಮಾನದಿಂದ ಪಾವತಿಸಿದ ಸ್ಥಳೀಯ ತೆರಿಗೆಯನ್ನು ಕಳೆದು, ಉಳಿದುದರ ಮೇಲೆ ಶೇ. 30 ಕಡಿತವಿದೆ, ಸಾಲದ ಬಡ್ಡಿಯನ್ನೂ ಕಳೆಯಬಹುದು. ಊಟೋಪಚಾರ ಸಹಿತ ವಸತಿಗೃಹ ನಡೆಸಿದರೆ ಅದು ವ್ಯಾಪಾರದ ಆದಾಯವೆನಿಸಬಹುದು.

3. ತಲಾ ತಿಂಗಳಿಗೆ ರೂ. 20,000 ಮೀರದ, ಕನಿಷ್ಠ 90 ದಿನಗಳ ನಿರಂತರ ವಾಸದ ವಸತಿಗೆ 2024ರ ಜುಲೈನಿಂದ ಜಿ.ಎಸ್.ಟಿ. ವಿನಾಯಿತಿ ದೊರೆತಿದೆ.

4. ಬಾಡಿಗೆ ಕರಾರು ಬರವಣಿಗೆಯಲ್ಲಿರಲಿ. ಮುಂಗಡ ಹಣಕ್ಕೆ ತಪ್ಪದೆ ರಸೀದಿ ಕೊಡಿ.

ಹತ್ತು ಜನ ನೌಕರರಿರುವ ಸಂಸ್ಥೆಯೊಂದೇ ಕಟ್ಟಡ ಕಟ್ಟಿಸಬೇಕೆಂದಿಲ್ಲ. ಮೂರು ನಾಲ್ಕು ಸದಸ್ಯರು ಕೂಡಿ, ಮಾಲೀಕನಿಗೆ ವರ್ಷದ ಬಾಡಿಗೆಯ ಭರವಸೆಯಿತ್ತರೂ ಸಾಕು. ಕೊಠಡಿಗಳು ತಾವಾಗಿ ಏಳುತ್ತವೆ. ಹೆಣ್ಣುಮಕ್ಕಳಿಗೆ ಸುರಕ್ಷಿತ ವಸತಿಯನ್ನು ಮೊದಲು ಯೋಚಿಸಿದರೆ, ಪದವಿ ಮುಗಿಸಿ ಮನೆಯಲ್ಲೇ ಕುಳಿತ ಸುತ್ತಲಿನ ತಾಲೂಕುಗಳ ಅನೇಕರು ಕೆಲಸಕ್ಕೆ ಬಂದಾರು. ಮುಂದಿನ ಸಾಲಿನ ಅಂದಾಜು ಪತ್ರಿಕೆ ಸಿದ್ಧಪಡಿಸುವಾಗ ಸಂಬಳದ ಸಾಲಿನ ಕೆಳಗೆ ವಸತಿಯೆಂಬ ಇನ್ನೊಂದು ಸಾಲನ್ನೂ ಬರೆದುಕೊಳ್ಳಬೇಕೆಂದು ಸದಸ್ಯರಲ್ಲಿ ನನ್ನ ವಿನಂತಿ.