ಕಾರಿನ ಆಯಿಲ್ ನಾನೇ ಬದಲಿಸಬಹುದೇ?

ಪ್ರಶ್ನೆ: ನಮ್ಮದು ಏಳು ವರ್ಷ ಹಳೆಯ ಸಣ್ಣ ಪೆಟ್ರೋಲ್ ಕಾರು. ವಾರಂಟಿ ಮುಗಿದಿದೆ. ಕೆಲಸಕ್ಕೆಂದು ದಾವಣಗೆರೆಯಿಂದ ಹರಿಹರಕ್ಕೆ ದಿನಾ ಹೋಗಿ ಬರುತ್ತೇನೆ. ಈ ಸಲ ಎಂಜಿನ್ ಆಯಿಲ್ ನಾನೇ ಬದಲಿಸಬೇಕೆಂದು ಆಸೆ. ಮನೆಯಲ್ಲಿ ಬೇಡ ಎನ್ನುತ್ತಾರೆ. ಗುರುತಿನ ಮೆಕ್ಯಾನಿಕ್ ಒಬ್ಬರು ‘ನಮ್ಮ ಬಿಸಿಲಿಗೆ ದಪ್ಪ ಆಯಿಲ್ಲೇ ಸರಿ’ ಎಂದರು. ಊರಿನಲ್ಲಿರುವ ದೊಡ್ಡಪ್ಪ ‘ಹಳೇ ಆಯಿಲ್ ಚೆಲ್ಲಬ್ಯಾಡ, ದನದ ಕೊಟ್ಟಿಗಿ ಕಂಬಕ್ಕೆ ಬಳಿಯೋಣ’ ಎಂದಿದ್ದಾರೆ. ಏನು ಮಾಡಲಿ?
— ಓದುಗರು, ದಾವಣಗೆರೆ

ಉತ್ತರ: ಬದಲಿಸಿ. ಒಂದು ಭಾನುವಾರದ ಬೆಳಗ್ಗೆ ಮುಗಿಯುವ ಕೆಲಸ ಅದು. ಆದರೆ ದುಡ್ಡು ಉಳಿಸಲೆಂದೇ ಹೊರಟಿದ್ದರೆ ಒಂದು ಮಾತು: ಆಯಿಲ್ಲಿಗೆ, ಫಿಲ್ಟರ್‌ಗೆ ಕೊಡುವ ಹಣ ಎಲ್ಲಿ ಮಾಡಿಸಿದರೂ ಕೊಡಲೇಬೇಕು, ಉಳಿಯುವುದು ಕೂಲಿ ಮಾತ್ರ. ನಿಜವಾದ ಲಾಭ ಬೇರೆ ಇದೆ. ಒಳಗೆ ಹೋದದ್ದು ಯಾವ ಆಯಿಲ್, ಎಷ್ಟು ಹೋಯಿತು, ಫಿಲ್ಟರ್ ಬದಲಾಯಿತೋ ಇಲ್ಲ ಬರೀ ಒರೆಸಿಟ್ಟರೋ ಎಂಬುದಕ್ಕೆ ನೀವೇ ಸಾಕ್ಷಿ. ಕಾರಿನ ಹೊಟ್ಟೆಯ ಕೆಳಗೆ ಏನಿದೆ ಎಂದು ಕಣ್ಣಾರೆ ನೋಡಿದ ಮಾಲೀಕರು ನಮ್ಮಲ್ಲಿ ಕಡಿಮೆ. ನೋಡಿದವರಿಗೆ ಸೋರಿಕೆ, ತುಕ್ಕು, ಹರಿದ ರಬ್ಬರ್ ಎಲ್ಲ ಮೊದಲೇ ಗೊತ್ತಾಗುತ್ತದೆ. ಹಾಗೆಂದು ಬ್ರೇಕ್, ಕೂಲಂಟ್, ಸಸ್ಪೆನ್ಷನ್ ತಪಾಸಣೆಯನ್ನು ಬಿಡಬೇಡಿ. ಅದಕ್ಕೆ ವರ್ಷಕ್ಕೊಮ್ಮೆ ಅನುಭವಿಗಳ ಕೈಗೇ ಕಾರು ಕೊಡಿ. ವಾರಂಟಿ ಇದ್ದಿದ್ದರೆ ಆಯಿಲ್ ನೀವೇ ಬದಲಿಸಬೇಡಿ ಎಂದೇ ಹೇಳುತ್ತಿದ್ದೆ.

ಮೊದಲು ದಪ್ಪ ಆಯಿಲ್ಲಿನ ವಿಚಾರ ಮುಗಿಸೋಣ, ಏಕೆಂದರೆ ಎಂಜಿನ್‌ಗೆ ನಿಜವಾದ ಹಾನಿ ಆಗುವುದು ಇಲ್ಲೇ. ಡಬ್ಬಿಯ ಮೇಲೆ 5ಡಬ್ಲ್ಯು-30 ಎಂದೋ 0ಡಬ್ಲ್ಯು-20 ಎಂದೋ ಬರೆದಿರುತ್ತದೆ. ಡಬ್ಲ್ಯುಗಿಂತ ಮೊದಲು ಬರುವ ಅಂಕೆ, ಎಂಜಿನ್ ತಣ್ಣಗಿದ್ದಾಗ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದರ ಅಳತೆ. ಕೊನೆಯ ಅಂಕೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಎಷ್ಟು ಮಂದವಾಗಿ ಉಳಿಯುತ್ತದೆ ಎಂಬುದರದು. ಏಪ್ರಿಲ್‌ನಲ್ಲಿ ದಾವಣಗೆರೆಯ ಬಿಸಿಲು 40 ಡಿಗ್ರಿಯ ಹತ್ತಿರ ಹೋದರೂ ಎಂಜಿನ್ ಒಳಗಿನ ಬಿಸಿಯನ್ನು ನಿಗದಿ ಮಾಡುವುದು ಅಲ್ಲಿನ ಥರ್ಮೋಸ್ಟಾಟ್ ಮತ್ತು ಕೂಲಂಟ್. ಹೊರಗೆ 20 ಡಿಗ್ರಿ ಇದ್ದಾಗಲೂ ಆಯಿಲ್ 90ರಿಂದ 100 ಡಿಗ್ರಿಯ ಆಸುಪಾಸಿನಲ್ಲೇ ಕೆಲಸ ಮಾಡುತ್ತಿರುತ್ತದೆ. ಹಳೆಯ ಅಂಬಾಸಿಡರ್, ಜೀಪುಗಳ ಕಾಲದಲ್ಲಿ 20ಡಬ್ಲ್ಯು-40 ಸರಿಯಾಗಿತ್ತು. ಆ ಎಂಜಿನ್‌ಗಳ ಸಂದುಗಳೇ ದೊಡ್ಡವು. ಈಗಿನ ಎಂಜಿನ್‌ನಲ್ಲಿ ಆಯಿಲ್ ಹರಿಯುವ ಹಾದಿಗಳು ಸಣ್ಣವು. ಎಷ್ಟೋ ಕಾರುಗಳಲ್ಲಿ ವಾಲ್ವ್ ತೆರೆಯುವ ಸಮಯವನ್ನು ಹಿಂದೆ ಮುಂದೆ ಮಾಡುವುದೂ ಆಯಿಲ್ಲಿನ ಒತ್ತಡವೇ. ಮಂದ ಆಯಿಲ್ ಹಾಕಿದರೆ ಬೆಳಗ್ಗೆ ಸ್ಟಾರ್ಟ್ ಮಾಡಿದ ಮೊದಲ ಗಳಿಗೆಯಲ್ಲಿ, ಅಂದರೆ ಸವೆತ ಹೆಚ್ಚಾಗಿ ಆಗುವ ಹೊತ್ತಿನಲ್ಲೇ, ಮೇಲಿನ ಭಾಗಕ್ಕೆ ತಲುಪುವುದು ತಡವಾಗುತ್ತದೆ, ಮೈಲೇಜೂ ಇಳಿಯುತ್ತದೆ. ಕಾರಿನ ಜೊತೆ ಬಂದ ಕೈಪಿಡಿ ತೆಗೆದು ಅದರಲ್ಲಿ ಹೇಳಿದ ಗ್ರೇಡ್, ಹೇಳಿದ ಎಪಿಐ ದರ್ಜೆ (ಆಯಿಲ್ಲಿನ ಗುಣಮಟ್ಟದ ಗುರುತು) ನೋಡಿ ಅದನ್ನೇ ತನ್ನಿ. ನಿಮ್ಮ ಮೆಕ್ಯಾನಿಕ್ ಅನುಭವಸ್ಥರೇ ಇರಬಹುದು. ಆದರೆ ಎಂಜಿನ್ ವಿನ್ಯಾಸ ಮಾಡಿದವರ ಮಾತು ಇಲ್ಲಿ ಮೇಲು.

ನಿಮ್ಮ ಓಡಾಟ ಆಯಿಲ್ಲಿಗೆ ಒಳ್ಳೆಯದೇ. ಹರಿಹರಕ್ಕೆ 14 ಕಿ.ಮೀ. ಎಂದರೆ ದಿನಕ್ಕೆ 28, ವರ್ಷಕ್ಕೆ 300 ದಿನ ಓಡಿದರೂ 8,400 ಕಿ.ಮೀ. ಹೆಚ್ಚಿನ ಪೆಟ್ರೋಲ್ ಕಾರುಗಳಿಗೆ ಹೇಳುವುದು 10,000 ಕಿ.ಮೀ. ಇಲ್ಲವೇ ಒಂದು ವರ್ಷ, ಯಾವುದು ಮೊದಲೋ ಅದು. ಹೆದ್ದಾರಿಯಲ್ಲಿ ಒಂದೇ ಸಮನೆ ಓಡುವಾಗ ಆಯಿಲ್ ಚೆನ್ನಾಗಿ ಕಾದು ಒಳಗೆ ಸೇರಿದ ನೀರಿನ ಪಸೆ, ಪೆಟ್ರೋಲಿನ ಅಂಶ ಆವಿಯಾಗುತ್ತದೆ. ಮನೆಯಿಂದ ಮಂಡಿಪೇಟೆಗೆ, ಅಲ್ಲಿಂದ ಶಾಲೆಗೆ ಎಂದು ಒಂದೆರಡು ಕಿ.ಮೀ. ಓಡಿಸಿ ಆರಿಸುವ ಕಾರಿನ ಆಯಿಲ್ಲೇ ಬೇಗ ಕೆಡುವುದು. ಹಾಗಾಗಿ ನಿಮಗೆ ವರ್ಷಕ್ಕೊಮ್ಮೆ ಸಾಕು. ಮೆಕ್ಕೆಜೋಳದ ಕೊಯ್ಲಿನ ದಿನಗಳಲ್ಲಿ ಏಳುವ ಧೂಳಿಗೆ ಏರ್ ಫಿಲ್ಟರ್ ಕಡೆ ಮಾತ್ರ ಒಂದು ಕಣ್ಣಿಡಿ.

ಈಗ ಕೆಲಸ. ಮನೆಯವರು ಬೇಡ ಎನ್ನುವುದಕ್ಕೆ ಒಂದು ಕಾರಣ ಸರಿಯಾಗಿಯೇ ಇದೆ: ಸ್ಟೆಪ್ನಿ ಬದಲಿಸಲು ಕೊಟ್ಟ ಜಾಕಿಯ ಮೇಲೆ ಕಾರು ನಿಲ್ಲಿಸಿ ಕೆಳಗೆ ಎಂದೂ ತಲೆ ಹಾಕಬಾರದು. ಜಾಕಿ ಜಾರಿದರೆ ಪ್ರಾಣಕ್ಕೇ ಎರವು. ಗಟ್ಟಿ ಸಿಮೆಂಟ್ ನೆಲ, ಹಿಂದಿನ ಚಕ್ರಗಳಿಗೆ ಕಲ್ಲು, ಹ್ಯಾಂಡ್ ಬ್ರೇಕ್, ಮುಂದೆ ಎರಡು ಜಾಕ್ ಸ್ಟ್ಯಾಂಡ್, ಇವಿಷ್ಟೂ ಇದ್ದರೆ ಮಾತ್ರ ಮನೆಯಲ್ಲಿ ಮಾಡಿ. ಇಲ್ಲದಿದ್ದರೆ ಪರಿಚಯದ ವಾಟರ್ ಸರ್ವಿಸ್ ಅಂಗಡಿಯ ರ‍್ಯಾಂಪನ್ನು ಒಂದು ಗಂಟೆ ಕೇಳಿ ನೋಡಿ. ಮೊದಲ ಸಲಕ್ಕೆ ನಾನು ಹೇಳುವುದು ಅದನ್ನೇ.

ಹತ್ತು ನಿಮಿಷ ಎಂಜಿನ್ ಓಡಿಸಿ, ಆರಿಸಿ, ಇನ್ನೊಂದು ಹದಿನೈದು ನಿಮಿಷ ಬಿಡಿ. ಉಗುರುಬೆಚ್ಚಗಿನ ಆಯಿಲ್ ಕಸವನ್ನೂ ಹೊತ್ತು ಇಳಿಯುತ್ತದೆ. ಕುದಿಯುವಷ್ಟು ಬಿಸಿ ಇದ್ದರೆ ಕೈ ಸುಡುತ್ತದೆ. ಮೇಲಿನ ಮುಚ್ಚಳ ತೆಗೆದಿಡಿ, ಕೈಗವಸು ಹಾಕಿಕೊಳ್ಳಿ. ಚೇಂಬರ್‌ನ, ಅಂದರೆ ಎಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿಯ, ಕೆಳಗಿನ ಬೋಲ್ಟ್ ಬಿಚ್ಚುವ ಮೊದಲು ಅದು ಎಂಜಿನ್‌ನ ಚೇಂಬರ್ರೇ ಹೌದೇ ಎಂದು ಕೈಪಿಡಿಯ ಚಿತ್ರ ಇಟ್ಟುಕೊಂಡು ಖಚಿತ ಮಾಡಿಕೊಳ್ಳಿ. ಹೊಸಬರು ಪಕ್ಕದ ಗೇರ್‌ಬಾಕ್ಸ್ ಬೋಲ್ಟ್ ಬಿಚ್ಚಿ ಗೇರ್ ಆಯಿಲ್ ಇಳಿಸಿ, ತುಂಬಿದ ಎಂಜಿನ್‌ಗೇ ಮತ್ತೆ ಮೂರು ಲೀಟರ್ ಸುರಿಯುವುದು ಎಲ್ಲ ದೇಶಗಳಲ್ಲೂ ನಡೆಯುವ ಅನಾಹುತ. ಎಂಜಿನ್ ಆಯಿಲ್ ಕಪ್ಪಗೆ, ನೀರಾಗಿ ಬರುತ್ತದೆ. ಹೊಂಬಣ್ಣದ್ದು, ಕೆಂಪಗಿನದ್ದು ಬಂದರೆ ತಕ್ಷಣ ಬೋಲ್ಟ್ ವಾಪಸ್ ಹಾಕಿ.

ಬಿಚ್ಚುವುದಕ್ಕಿಂತ ಬಿಗಿಯುವುದರಲ್ಲಿ ಹೆಚ್ಚು ಜಾಣತನ ಬೇಕು. ಆಯಿಲ್ ಪೂರ್ತಿ ಇಳಿದ ಮೇಲೆ ಬೋಲ್ಟನ್ನು ಮೊದಲು ಬೆರಳಲ್ಲೇ ತಿರುಗಿಸಿ ಕೂರಿಸಿ. ಬೆರಳಿಗೆ ಬಗ್ಗದಿದ್ದರೆ ಅದು ಓರೆಯಾಗಿ ಹತ್ತಿದೆ ಎಂದರ್ಥ, ಸ್ಪ್ಯಾನರ್ ಹಾಕಿ ಬಲವಂತ ಮಾಡಬೇಡಿ. ಹಳೆಯ ವಾಷರ್ ಬಿಸಾಕಿ ಹೊಸದು ಹಾಕಿ. ಬಿಗಿತ ಎಷ್ಟಿರಬೇಕೆಂದು ಕೈಪಿಡಿ ಇಲ್ಲವೇ ಸರ್ವಿಸ್ ಪುಸ್ತಕ ಹೇಳುತ್ತದೆ. ಅನೇಕ ಸಣ್ಣ ಕಾರುಗಳಲ್ಲಿ ಅದು 30ರಿಂದ 40 ನ್ಯೂಟನ್ ಮೀಟರ್. 35 ಎಂದರೆ, 20 ಸೆಂ.ಮೀ. ಉದ್ದದ ಸ್ಪ್ಯಾನರ್‌ನ ತುದಿಗೆ ಸುಮಾರು 18 ಕೆ.ಜಿ. ತೂಗುಬಿಟ್ಟ ಹಾಗೆ, ಅಷ್ಟೇ. ಸೋರೀತೆಂದು ಹೆದರಿ ಮೈಬಲವೆಲ್ಲ ಹಾಕಿದರೆ ಅಲ್ಯೂಮಿನಿಯಂ ಚೇಂಬರ್‌ನ ಥ್ರೆಡ್ ಹೋಗುತ್ತದೆ.

ಹಾಗೇನಾದರೂ ಆದರೆ ಎದೆಗುಂದಬೇಡಿ, ನೀವು ದಿನಾ ಹೋಗುವ ಊರೇ ಅದಕ್ಕೆ ಮದ್ದು. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಹರಿಹರದಲ್ಲಿ ಲೇತ್ ಯಂತ್ರ ತಯಾರಿಸಲು ಶುರುವಾದಾಗಿನಿಂದ ಆ ಊರಿನ ಕೈಗಳಿಗೆ ಥ್ರೆಡ್ ಎಂದರೆ ಮನೆಮಾತು. ಕಾರ್ಖಾನೆ ಮುಚ್ಚಿ ವರ್ಷಗಳಾದರೂ ಆ ಕಸುಬು ಊರು ಬಿಟ್ಟು ಹೋಗಲಿಲ್ಲ. ಚೇಂಬರ್ ಬಿಚ್ಚಿ ಒಳ್ಳೆಯ ಲೇತ್ ಅಂಗಡಿಗೆ ಒಯ್ದರೆ, ಹಳೇ ತೂತನ್ನು ಕೊರೆದು ಬುಷ್ ಕೂರಿಸಿ ಹೊಸ ಥ್ರೆಡ್ ಹೊಡೆದು ಕೊಡುತ್ತಾರೆ. ಹೊಸ ಚೇಂಬರ್ ಕೊಳ್ಳುವ ಮೊದಲು ಅಲ್ಲಿ ವಿಚಾರಿಸಿ. ಈ ಕೌಶಲಕ್ಕೆ ಸಿಗಬೇಕಾದಷ್ಟು ಗೌರವ ನಮ್ಮಲ್ಲಿ ಸಿಕ್ಕಿಲ್ಲ ಎಂಬುದು ನನ್ನ ಬೇಸರ.

ಫಿಲ್ಟರ್ ಸುಲಭ. ಹಳೆಯದನ್ನು ಬಿಚ್ಚಿದಾಗ ಅದರ ರಬ್ಬರ್ ರಿಂಗ್ ಎಂಜಿನ್‌ಗೇ ಅಂಟಿಕೊಂಡು ಉಳಿದಿಲ್ಲವಷ್ಟೇ ಎಂದು ಬೆರಳಾಡಿಸಿ ನೋಡಿ. ಎರಡು ರಿಂಗ್ ಒಂದರ ಮೇಲೊಂದು ಕೂತರೆ ಓಡುವಾಗ ಆಯಿಲ್ಲೆಲ್ಲ ಹೊರಬೀಳುತ್ತದೆ. ಹೊಸ ರಿಂಗಿಗೆ ಹೊಸ ಆಯಿಲ್ ಸವರಿ, ತಾಗಿದ ಮೇಲೆ ಕೈಯಿಂದಲೇ ಮುಕ್ಕಾಲು ಸುತ್ತು ಬಿಗಿಯಿರಿ. ಆಮೇಲೆ ಲಾಳಿಕೆ ಇಟ್ಟು ಆಯಿಲ್ ಹಾಕಿ. ಕೈಪಿಡಿ ಹೇಳಿದ್ದಕ್ಕಿಂತ ಅರ್ಧ ಲೀಟರ್ ಕಡಿಮೆಗೇ ನಿಲ್ಲಿಸಿ. ಸ್ಟಾರ್ಟ್ ಮಾಡಿ, ಆಯಿಲ್ ದೀಪ ಕೆಲವೇ ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ಕೂಡಲೇ ಎಂಜಿನ್ ನಿಲ್ಲಿಸಿ. ಆರಿದರೆ ಒಂದು ನಿಮಿಷ ಓಡಿಸಿ, ಆಫ್ ಮಾಡಿ, ಕೆಳಗೆ ಬಗ್ಗಿ ಸೋರಿಕೆ ನೋಡಿ. ಕಾರು ಸಮನೆಲಕ್ಕೆ ಇಳಿಸಿ ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡುತ್ತಾ ಸ್ವಲ್ಪ ಸ್ವಲ್ಪವೇ ತುಂಬಿಸಿ. ಮೇಲಿನ ಗೆರೆ ದಾಟಿಸಬೇಡಿ. ಹೆಚ್ಚಾದ ಆಯಿಲನ್ನು ಕ್ರ್ಯಾಂಕ್ ಕಡೆದು ನೊರೆ ಮಾಡುತ್ತದೆ, ನೊರೆಗೆ ಒತ್ತಡ ನಿಲ್ಲುವುದಿಲ್ಲ. ಸೈಲೆನ್ಸರ್ ಪೈಪಿನ ಮೇಲೆ ಚೆಲ್ಲಿದ ಹನಿಯನ್ನು ಚೊಕ್ಕ ಒರೆಸಿ. ಒಕ್ಕಣೆಗೆಂದು ರಸ್ತೆಗೆ ಹಾಸಿದ ಹುಲ್ಲು, ಸೊಪ್ಪೆ ಕಾರಿನಡಿ ಸಿಕ್ಕಿಕೊಂಡು ಬೆಂಕಿ ಹತ್ತಿದ ಉದಾಹರಣೆಗಳು ನಮ್ಮ ಜಿಲ್ಲೆಗಳಲ್ಲಿವೆ, ಅದಕ್ಕೆ ಆಯಿಲ್ ಜೊತೆ ಸೇರುವುದು ಬೇಡ.

ಇನ್ನು ದೊಡ್ಡಪ್ಪನವರ ಮಾತು. ಅವರ ಕಾಲದಲ್ಲಿ ಗೆದ್ದಲಿಗೆ ಇದಕ್ಕಿಂತ ಅಗ್ಗದ ಉಪಾಯ ಇರಲಿಲ್ಲ, ಯಾವುದನ್ನೂ ಹಾಳುಮಾಡಬಾರದೆಂಬ ಅವರ ಬುದ್ಧಿಯೂ ದೊಡ್ಡದು. ಆದರೂ ಕೊಟ್ಟಿಗೆಯ ಕಂಬಕ್ಕೆ ಬೇಡವೇ ಬೇಡ. ದನಗಳು ಕಂಬ ನೆಕ್ಕುತ್ತವೆ. ಪೆಟ್ರೋಲಿನಲ್ಲಿ ಸೀಸ ಇದ್ದ ಕಾಲದಲ್ಲಿ ಹಳೇ ಆಯಿಲ್ ನೆಕ್ಕಿದ ದನಗಳು ಸೀಸದ ವಿಷವೇರಿ ಸತ್ತದ್ದು ಪಶುವೈದ್ಯರಿಗೆ ಚೆನ್ನಾಗಿ ಗೊತ್ತು. 2000ನೇ ಇಸವಿಯಲ್ಲಿ ದೇಶದಲ್ಲಿ ಸೀಸದ ಪೆಟ್ರೋಲ್ ನಿಂತಿತು ನಿಜ. ಆದರೆ ಸವೆದ ಲೋಹದ ಕಣ, ಸತು, ಸುಟ್ಟ ಇಂಧನದಿಂದ ಹುಟ್ಟುವ ಕ್ಯಾನ್ಸರ್‌ಕಾರಕ ರಾಸಾಯನಿಕಗಳು ಈಗಲೂ ಅದರಲ್ಲಿವೆ. ನಿಮ್ಮ ಕೈಗೆ ಗವಸು ಹಾಕಿ ಎಂದದ್ದೂ ಅದಕ್ಕೇ. ಕಂಬವನ್ನು ನೆಲಕ್ಕೆ ಹೂಳದೆ ಹಳೇ ಮನೆಗಳ ಹಾಗೆ ಕಲ್ಲಿನ ಮೇಲೆ ನಿಲ್ಲಿಸಿದರೆ ಗೆದ್ದಲು ಕಲ್ಲಿನ ಮೇಲೆಯೇ ಮಣ್ಣಿನ ಹಾದಿ ಕಟ್ಟಿ ಬರಬೇಕು, ಅದು ಕಣ್ಣಿಗೆ ಕಾಣುತ್ತದೆ, ಕೆರೆದು ಹಾಕಬಹುದು.

ಚರಂಡಿಗೂ ಬೇಡ. ಹರಿಹರದ ನೀರು ಇಳಿಯುವುದು ತುಂಗಭದ್ರೆಗೆ. ದಾವಣಗೆರೆ ತನ್ನ ಕುಡಿಯುವ ನೀರಿನ ಒಂದು ಪಾಲನ್ನು ಎತ್ತುವುದೂ ಅದೇ ಹೊಳೆಯಿಂದ. 1980ರ ದಶಕದಲ್ಲಿ ಕಾರ್ಖಾನೆಯ ಕೊಳೆಯಿಂದ ಈ ಹೊಳೆ ಕೆಟ್ಟಿತೆಂದು ದಂಡೆಯ ಜನ ಬೀದಿಗಿಳಿದು ಹೋರಾಡಿದ್ದರು. ಕಾರ್ಖಾನೆಗಳನ್ನು ಕೇಳುವ ನಾವು ನಮ್ಮ ಮೂರು ಲೀಟರಿಗೂ ಲೆಕ್ಕ ಕೊಡಬೇಕು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಆಯಿಲ್ ಹೆಸರು ಹಿಡಿದೇ ಸೇರಿದೆ. 2024ರ ಏಪ್ರಿಲ್‌ನಿಂದ ಅದರ ಮರುಬಳಕೆಯ ಹೊಣೆ ಆಯಿಲ್ ತಯಾರಿಸುವ ಕಂಪನಿಗಳ ಮೇಲೂ ಬಿದ್ದಿದೆ. ಹಳೇ ಆಯಿಲ್ ಸತ್ತ ವಸ್ತುವಲ್ಲ. ಕೆಡುವುದು ಅದಕ್ಕೆ ಬೆರೆಸಿದ ರಾಸಾಯನಿಕಗಳು. ಕಸ, ನೀರು ತೆಗೆದು ಸಂಸ್ಕರಿಸಿದರೆ ಮತ್ತೆ ಹೊಸ ಆಯಿಲ್ಲಿಗೆ ಮೂಲದ್ರವ್ಯ ಆಗುತ್ತದೆ.

ಆದರೆ ಮನೆಮನೆಯ ಮೂರು ಲೀಟರ್ ತೆಗೆದುಕೊಳ್ಳುವವರು ಯಾರು? ದೊಡ್ಡ ಸರ್ವಿಸ್ ಕೇಂದ್ರಗಳು, ಕೆಲವು ಗ್ಯಾರೇಜುಗಳು ಬ್ಯಾರೆಲ್‌ನಲ್ಲಿ ಕೂಡಿಟ್ಟು ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಸಂಸ್ಕರಣಾ ಘಟಕಗಳಿಗೆ ಕೊಡುತ್ತವೆ. ನೀವು ಕೆಲಸಕ್ಕೆ ಇಳಿಯುವ ಮುಂಚೆಯೇ ಅಂಥ ಒಂದು ಗ್ಯಾರೇಜಿಗೆ ಹೋಗಿ ‘ನಿಮ್ಮ ಬ್ಯಾರೆಲ್ ಎಲ್ಲಿಗೆ ಹೋಗುತ್ತದೆ’ ಎಂದು ಕೇಳಿ. ಸೆಂಟ್ರಿಂಗ್ ಹಲಗೆಗೆ, ಒಲೆಯ ಉರುವಲಿಗೆ ಮಾರುತ್ತೇವೆ ಎಂದರೆ ಇನ್ನೊಂದು ಕಡೆ ವಿಚಾರಿಸಿ. ಸರಿಯಾದ ಉತ್ತರ ಸಿಕ್ಕ ಕಡೆಗೆ ನೀರು, ಕೂಲಂಟ್, ಸೀಮೆಎಣ್ಣೆ ಏನೂ ಬೆರೆಸದೆ, ಮುಚ್ಚಳ ಬಿಗಿದ ಕ್ಯಾನ್‌ನಲ್ಲಿ ಒಯ್ಯಿರಿ. ಹಳೇ ಫಿಲ್ಟರನ್ನು ಒಂದು ರಾತ್ರಿ ಬೋರಲು ಹಾಕಿ, ಇಳಿದ ಆಯಿಲನ್ನೂ ಅದೇ ಕ್ಯಾನ್‌ಗೆ ಸೇರಿಸಿ, ಫಿಲ್ಟರನ್ನೂ ಅಲ್ಲೇ ಕೊಡಿ. ಹೊಸ ಆಯಿಲ್ ಬಂದ ಖಾಲಿ ಡಬ್ಬಿಯನ್ನು ಚಾಕುವಿನಿಂದ ಸೀಳಿಯೇ ಗುಜರಿಗೆ ಹಾಕಿ. ಇಡೀ ಡಬ್ಬಿ ಸಿಕ್ಕರೆ ಅದರಲ್ಲಿ ನಕಲಿ ಆಯಿಲ್ ತುಂಬಿ ಮಾರುವವರಿದ್ದಾರೆ.